ಜಮೈಕಾದ ಚಿಕನ್ ಕರಿ ಮನೆಯಲ್ಲೇ ಮಾಡುವುದು ಹೇಗೆ: ಪುಡಿ ಹುರಿಯುವುದರಿಂದ ಹಿಡಿದು ತಟ್ಟೆಗೆ ಬಡಿಸುವ ತನಕ

ಜಮೈಕಾದ ಚಿಕನ್ ಕರಿಯ ರುಚಿ ನಿಂತಿರುವುದು ಒಂದೇ ಒಂದು ನಿಮಿಷದ ಮೇಲೆ. ಕಾದ ಎಣ್ಣೆಗೆ ಕರಿ ಪುಡಿ ಹಾಕಿ, ಬಣ್ಣ ತಿರುಗುವ ತನಕ ಕೈ ಬಿಡದೆ ಕೆದಕುವ ನಿಮಿಷ ಅದು. ಅಲ್ಲಿನವರು ಅದನ್ನು 'ಕರಿ ಸುಡುವುದು' ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಪುಡಿಯನ್ನು ಕರಕಲು ಮಾಡುವುದಲ್ಲ. ಆದರೆ ನಮ್ಮ ಒಗ್ಗರಣೆಗಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು. ಅದಕ್ಕೆ ಸ್ವಲ್ಪ ಧೈರ್ಯ ಬೇಕು.

ನಾನು ಇದನ್ನು ಕಲಿತದ್ದು ಟೊರೊಂಟೊದ ಸ್ಕಾರ್ಬರೋದಲ್ಲಿ ಇದ್ದಾಗ. ಅಲ್ಲಿ ಜಮೈಕಾದ ಕುಟುಂಬಗಳು ತುಂಬಾ ಇವೆ. ನಮ್ಮ ಎದುರು ಮನೆಯ ಆಂಟಿ ಜಮೈಕಾದ ವೆಸ್ಟ್‌ಮೋರ್‌ಲ್ಯಾಂಡ್ ಕಡೆಯವರು. ಭಾನುವಾರ ಅವರ ಮನೆ ಬಾಗಿಲು ತೆಗೆದರೆ ಸಾಕು, ಥೈಮ್ ಎಂಬ ಸೊಪ್ಪು ಮತ್ತು ಅರಿಸಿನದ ವಾಸನೆ ಕಾರಿಡಾರ್ ತುಂಬಾ ಹರಡುತ್ತಿತ್ತು. ಒಂದು ದಿನ ಅವರು ಕೊಟ್ಟ ಡಬ್ಬಿ ವಾಪಸ್ ಕೊಡುವಾಗ, ನಾನೇ ಅಂದಾಜಿನ ಮೇಲೆ ಮಾಡಿದ ಕರಿ ತುಂಬಿಸಿ ಕೊಟ್ಟೆ. ಈರುಳ್ಳಿ ಟೊಮೆಟೊ ಬಾಡಿಸಿ, ಅಚ್ಚ ಖಾರದ ಪುಡಿ ಹಾಕಿ, ಕೊನೆಗೆ ಗರಂ ಮಸಾಲೆ ಉದುರಿಸಿದ್ದೆ. ಅವರು ತಿಂದು ನೋಡಿ, 'ಚೆನ್ನಾಗಿದೆ ಮಗು, ಆದರೆ ಇದು ನಿಮ್ಮೂರಿನದು, ನಮ್ಮದಲ್ಲ' ಅಂದರು. ಮುಂದಿನ ಶನಿವಾರ ಅಡುಗೆಮನೆಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು.

ಅವತ್ತು ಅರ್ಥವಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೋಳಿ ಸಾರು ಮಾಡಿ ಪಳಗಿದ ಕೈಗೆ ಈ ಅಡುಗೆಯಲ್ಲಿ ಕಷ್ಟದ ಕೆಲಸ ಯಾವುದೂ ಇಲ್ಲ. ಅಭ್ಯಾಸಬಲದಿಂದ ಇನ್ನೊಂದು ಮಸಾಲೆ ಡಬ್ಬಿ ತೆಗೆಯದೆ ಇರುವುದೇ ಕಷ್ಟ.

ಈ ಕರಿ ಅಲ್ಲಿಗೆ ಹೋದದ್ದು

ಜಮೈಕಾದಲ್ಲಿ 1838ರಲ್ಲಿ ಗುಲಾಮಗಿರಿ ಪೂರ್ತಿಯಾಗಿ ಕೊನೆಯಾಯಿತು. ಬಿಡುಗಡೆಯಾದ ಜನ ಮತ್ತೆ ಅದೇ ಕಬ್ಬಿನ ತೋಟದಲ್ಲಿ, ಅದೇ ಮಾಲೀಕರು ಹೇಳಿದ ಕೂಲಿಗೆ ದುಡಿಯಲು ಯಾಕೆ ಒಪ್ಪುತ್ತಾರೆ? ಆಗ ಬ್ರಿಟಿಷರು ಭಾರತದಿಂದ ಕರಾರು ಕೂಲಿಗಳನ್ನು ಹಡಗು ಹತ್ತಿಸಿದರು. ಮೊದಲ ತಂಡ 1845ರ ಮೇ 10ರಂದು ಓಲ್ಡ್ ಹಾರ್ಬರ್ ಬೇ ಎಂಬಲ್ಲಿ ಇಳಿಯಿತು. 1917ರ ತನಕ 36,000ಕ್ಕೂ ಹೆಚ್ಚು ಜನ ಹೀಗೆ ಹೋದರು. ಬಹುಪಾಲು ಈಗಿನ ಉತ್ತರ ಪ್ರದೇಶ, ಬಿಹಾರದ ಹಳ್ಳಿಗಳವರು. ಇವತ್ತಿಗೂ ಮೇ 10 ಅಲ್ಲಿ ಭಾರತೀಯ ಪರಂಪರೆಯ ದಿನ.

ಅವರ ಜೊತೆ ಅರಿಸಿನ, ಕೊತ್ತಂಬರಿ, ಜೀರಿಗೆ, ಮೆಂತ್ಯದ ರುಚಿ ಹೋಯಿತು. ಆ ನೆಲದಲ್ಲಿ ಮೊದಲೇ ಆಲ್‌ಸ್ಪೈಸ್ ಎಂಬ ಮಸಾಲೆ ಮರ ಇತ್ತು, ಸ್ಕಾಚ್ ಬಾನೆಟ್ ಮೆಣಸಿನಕಾಯಿ ಇತ್ತು, ಯುರೋಪಿನವರು ತಂದ ಥೈಮ್ ಇತ್ತು. ಆಫ್ರಿಕಾ ಮೂಲದ ಅಡುಗೆಯವರು ಈ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ತಮ್ಮದಾಗಿ ಮಾಡಿಕೊಂಡರು. ಈಗ ಮದುವೆ, ದೊಡ್ಡ ಪಾರ್ಟಿಗಳಿಗೆ ಮೇಕೆ ಮಾಂಸದ ಕರಿ ಇರಲೇಬೇಕು. ಮನೆಯಲ್ಲಿ ಮಾಮೂಲಿ ದಿನಕ್ಕೆ ಚಿಕನ್ ಕರಿ.

ಹಾಗಾಗಿ ಇದನ್ನು ನಮ್ಮ ಕೋಳಿ ಸಾರಿನ ದೂರದ ನೆಂಟ ಅಂತ ಸುಮ್ನೆ ತಿದ್ದಲು ಹೋಗಬೇಡಿ. ಅದಕ್ಕೆ ಅದರದೇ ಊರಿದೆ.

ನಾಲ್ಕು ಸಾಮಾನು ಸರಿ ಇದ್ದರೆ ಅರ್ಧ ಕೆಲಸ ಮುಗಿಯಿತು

ಮೊದಲನೆಯದು ಕರಿ ಪುಡಿ. ಜಮೈಕಾದ ಪುಡಿಯಲ್ಲಿ ಅರಿಸಿನ ತುಂಬಾ ಜಾಸ್ತಿ. ಒಣಮೆಣಸಿನಕಾಯಿ ಸಾಮಾನ್ಯವಾಗಿ ಇರುವುದೇ ಇಲ್ಲ, ಇದ್ದರೂ ಸ್ವಲ್ಪ. ಖಾರದ ಕೆಲಸ ಹಸಿ ಮೆಣಸಿನಕಾಯಿಯದು, ಪುಡಿಯದಲ್ಲ. ಅದರ ಜೊತೆಗೆ ಆಲ್‌ಸ್ಪೈಸ್‌ನ ಘಮ. ಟೊರೊಂಟೊ, ಲಂಡನ್, ನ್ಯೂಯಾರ್ಕ್ ಕಡೆ ಇರುವವರಿಗೆ ಕೆರಿಬಿಯನ್ ಅಂಗಡಿಗಳಲ್ಲಿ ಬೆಟಾಪ್ಯಾಕ್ ಥರದ ಜಮೈಕಾ ಪುಡಿಯೇ ಸಿಗುತ್ತದೆ, ಅದನ್ನೇ ತನ್ನಿ. ನಮ್ಮ ಅಂಗಡಿಯ ಚಿಕನ್ ಮಸಾಲೆ ಪುಡಿ ಇದಕ್ಕೆ ಬೇಡವೇ ಬೇಡ. ಅದರಲ್ಲಿರುವ ಖಾರದ ಪುಡಿ ಎಣ್ಣೆಯಲ್ಲಿ ಸುಡುವಾಗ ಬೇಗ ಕರಕಲಾಗುತ್ತದೆ, ಘಾಟು ಎದ್ದು ಮನೆಯವರೆಲ್ಲ ಕೆಮ್ಮುತ್ತಾರೆ.

ಪುಡಿ ಮನೆಯಲ್ಲೇ ಮಾಡುವುದು ಸುಲಭ. ದೊಡ್ಡ ಚಮಚದ ಲೆಕ್ಕದಲ್ಲಿ ಕೊತ್ತಂಬರಿ ಬೀಜ 4, ಜೀರಿಗೆ 2, ಸಾಸಿವೆ 1, ಸೋಂಪು 1 ತೆಗೆದುಕೊಳ್ಳಿ. ಚಿಕ್ಕ ಚಮಚದ ಲೆಕ್ಕದಲ್ಲಿ ಮೆಂತ್ಯ 2, ಆಲ್‌ಸ್ಪೈಸ್ ಕಾಳು 2, ಕಾಳುಮೆಣಸು 1. ಇವನ್ನು ಸಣ್ಣ ಉರಿಯಲ್ಲಿ ಬಿಸಿಯಾಗಿ ಘಮ ಬರುವಷ್ಟು ಮಾತ್ರ ಹುರಿಯಿರಿ. ಸಾರಿನ ಪುಡಿಗೆ ಹುರಿಯುವಷ್ಟು ಬೇಡ, ಯಾಕೆಂದರೆ ಮುಂದೆ ಎಣ್ಣೆಯಲ್ಲಿ ಇನ್ನೊಂದು ಸಲ ಬೇಯುವುದಿದೆ. ಆರಿದ ಮೇಲೆ ನುಣ್ಣಗೆ ಪುಡಿ ಮಾಡಿ, 4 ದೊಡ್ಡ ಚಮಚ ಅರಿಸಿನ ಪುಡಿ ಕಲಸಿ. ನಾಲ್ಕು ಚಮಚ ಅರಿಸಿನ ನೋಡಿದರೆ ಎದೆ ಝಲ್ ಅನ್ನುತ್ತದೆ, ಆದರೆ ಕಡಿಮೆ ಮಾಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಎರಡು ತಿಂಗಳು ಘಮ ಹಾಗೇ ಇರುತ್ತದೆ.

ಎರಡನೆಯದು ಆಲ್‌ಸ್ಪೈಸ್. ಜಮೈಕಾದಲ್ಲಿ ಇದರ ಹೆಸರು ಪಿಮೆಂಟೊ. ಸ್ಪೇನಿನವರು ಇದನ್ನು ನೋಡಿ ಕಾಳುಮೆಣಸು, ಅಂದರೆ ಅವರ ಭಾಷೆಯ ಪಿಮಿಯೆಂಟಾ, ಅಂದುಕೊಂಡರು, ಆ ಹೆಸರೇ ಉಳಿಯಿತು. ನೋಡಲು ನಿಜಕ್ಕೂ ದಪ್ಪ ಕಾಳುಮೆಣಸಿನ ಹಾಗೇ ಇದೆ. ಆದರೆ ಒಂದು ಕಾಳು ಬೆರಳಲ್ಲಿ ಒಡೆದು ಮೂಸಿದರೆ ಲವಂಗ, ಚಕ್ಕೆ, ಜಾಯಿಕಾಯಿ ಮೂರೂ ಒಟ್ಟಿಗೆ ಬಂದಂತಿರುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಕೆಲವು ತೋಟಗಳಲ್ಲಿ ಈ ಮರ ಇದೆ, ಸರ್ವಸಾಂಬಾರ ಅನ್ನುತ್ತಾರೆ. ಗಿಡ ನಿಮ್ಮ ಮನೆಯಲ್ಲೇ ಇದ್ದರೆ ಕಾಳಿನ ಬದಲು ಎರಡು ಎಲೆ ಹರಿದು ಹಾಕಿ, ತುಂಬಾ ಚೆನ್ನಾಗಿ ಬರುತ್ತದೆ. ಏನೂ ಸಿಗದಿದ್ದರೆ 3 ಲವಂಗ, ಉಗುರಿನಷ್ಟು ಚಕ್ಕೆ, 4 ಕಾಳುಮೆಣಸು, ಒಂದು ಚಿಟಿಕೆ ಜಾಯಿಕಾಯಿ ಸೇರಿಸಿ ಕುಟ್ಟಿಕೊಳ್ಳಿ. ಅದೇ ಅಲ್ಲ, ಆದರೆ ಹತ್ತಿರ ಬರುತ್ತದೆ.

ಮೂರನೆಯದು ಸ್ಕಾಚ್ ಬಾನೆಟ್. ಕುಳ್ಳಗೆ, ಸುಕ್ಕು ಸುಕ್ಕಾಗಿ, ಟೋಪಿಯ ಹಾಗಿರುವ ಹಳದಿ ಅಥವಾ ಕೆಂಪು ಮೆಣಸಿನಕಾಯಿ. ಖಾರದ ಅಳತೆಯಲ್ಲಿ ಒಂದು ಲಕ್ಷದಿಂದ ಮೂರೂವರೆ ಲಕ್ಷ ಸ್ಕೋವಿಲ್ ತನಕ ಹೋಗುತ್ತದೆ. ಆದರೆ ಅದರ ಗುಟ್ಟು ಖಾರದಲ್ಲಿ ಇಲ್ಲ, ವಾಸನೆಯಲ್ಲಿದೆ. ಮಾಗಿದ ಹಣ್ಣಿನ ಹಾಗೆ ಸಿಹಿ ಘಮ. ಅದಕ್ಕೇ ಅಲ್ಲಿ ಇಡೀ ಕಾಯಿಯನ್ನು ಒಡೆಯದೆ ಸಾರಿನಲ್ಲಿ ತೇಲಿಬಿಡುತ್ತಾರೆ. ಘಮ ಇಳಿಯುತ್ತದೆ, ಖಾರ ಒಳಗೇ ಉಳಿಯುತ್ತದೆ. ದೊಡ್ಡ ಊರುಗಳ ಸೂಪರ್ ಮಾರ್ಕೆಟ್‌ನಲ್ಲಿ ಹಬನೆರೊ ಸಿಕ್ಕರೆ ಅದು ಇದರ ಒಡಹುಟ್ಟಿದ್ದು, ಧೈರ್ಯವಾಗಿ ಬಳಸಿ. ಇಲ್ಲವಾದರೆ ಮಲೆನಾಡಿನ ಸೂಜಿ ಮೆಣಸು ಐದಾರು ಇಡಿಯಾಗಿ ಹಾಕಿ. ಖಾರ ಬರುತ್ತದೆ, ಆ ಹಣ್ಣಿನ ವಾಸನೆ ಬರುವುದಿಲ್ಲ. ವಾಸನೆಗೆ ಅರ್ಧ ಕೆಂಪು ಅಥವಾ ಹಳದಿ ಕ್ಯಾಪ್ಸಿಕಂ ಸಣ್ಣಗೆ ಹೆಚ್ಚಿ ಸೇರಿಸುವುದು ನಾನು ಮಾಡಿಕೊಂಡ ಉಪಾಯ.

ನಾಲ್ಕನೆಯದು ಥೈಮ್. ಇದು ಇಲ್ಲದೆ ಈ ಕರಿ ಇಲ್ಲ. ಹಸಿ ಥೈಮ್ ಸಿಕ್ಕರೆ ಐದಾರು ಕಡ್ಡಿ, ಒಣಗಿದ್ದಾದರೆ ಒಂದು ಚಿಕ್ಕ ಚಮಚ. ಎರಡೂ ಇಲ್ಲದಿದ್ದರೆ ನಿಮ್ಮ ಕುಂಡದ ದೊಡ್ಡಪತ್ರೆ ಕಡೆ ನೋಡಿ. ತಮಾಷೆಗೆ ಹೇಳುತ್ತಿಲ್ಲ, ಕೆರಿಬಿಯನ್ ದ್ವೀಪಗಳಲ್ಲಿ ಅದೇ ಗಿಡಕ್ಕೆ ಅಗಲ ಎಲೆಯ ಥೈಮ್ ಅಂತ ಹೆಸರು, ಅಲ್ಲಿ ಮಾಂಸಕ್ಕೆ ಹಾಕುತ್ತಾರೆ. ತಂಬುಳಿ ಮಾಡುವ ಎಲೆ ಅಲ್ಲಿ ಕೋಳಿಗೆ ಹೋಗುತ್ತದೆ ಅಂತ ಗೊತ್ತಾದಾಗ ನನಗೆ ತುಂಬಾ ಖುಷಿಯಾಗಿತ್ತು. ಎರಡೇ ಎರಡು ಎಲೆ ಸಾಕು, ಜಾಸ್ತಿ ಹಾಕಿದರೆ ಕಷಾಯದ ವಾಸನೆ ಬರುತ್ತದೆ.

ಬೇಕಾಗುವ ಸಾಮಾನು (4–5 ಜನಕ್ಕೆ)

- ಕೋಳಿ 1 ಕೆಜಿ, ಮೂಳೆ ಸಮೇತ, ಚರ್ಮ ತೆಗೆದು, ಸಣ್ಣ ತುಂಡು. ತೊಡೆ, ಕಾಲು ಜಾಸ್ತಿ ಇರಲಿ
- ನಿಂಬೆಹಣ್ಣು 1, ಅಥವಾ ವಿನೆಗರ್ 2 ದೊಡ್ಡ ಚಮಚ
- ಕರಿ ಪುಡಿ 3 ದೊಡ್ಡ ಚಮಚ (2 ನೆನೆಸಲು, 1 ಸುಡಲು)
- ಉಪ್ಪು ಒಂದೂವರೆ ಚಿಕ್ಕ ಚಮಚ, ಕಾಳುಮೆಣಸಿನ ಪುಡಿ ಅರ್ಧ ಚಿಕ್ಕ ಚಮಚ
- ಆಲ್‌ಸ್ಪೈಸ್ ಕಾಳು 6–8, ಥೈಮ್ 5–6 ಕಡ್ಡಿ
- ಈರುಳ್ಳಿ ದೊಡ್ಡದು 1, ಈರುಳ್ಳಿ ಸೊಪ್ಪು 3–4 ದಂಟು
- ಬೆಳ್ಳುಳ್ಳಿ 6 ಎಸಳು, ಶುಂಠಿ ಒಂದು ಇಂಚು
- ಸ್ಕಾಚ್ ಬಾನೆಟ್ ಅಥವಾ ಹಬನೆರೊ 1, ತೊಟ್ಟು ಸಮೇತ
- ಆಲೂಗಡ್ಡೆ 2, ಕ್ಯಾರೆಟ್ 1
- ಎಣ್ಣೆ 3 ದೊಡ್ಡ ಚಮಚ, ಬಿಸಿ ನೀರು ಎರಡು ಕಪ್

ಟೊಮೆಟೊ ಹಾಕುವವರು ಅಲ್ಲೂ ಇದ್ದಾರೆ, ಅರ್ಧ ಕಪ್ ತೆಂಗಿನ ಹಾಲು ಹಾಕುವವರೂ ಇದ್ದಾರೆ. ಮೊದಲ ಸಲ ಎರಡೂ ಬೇಡ. ಪುಡಿಯ ರುಚಿ ಏನು ಅಂತ ನಾಲಿಗೆಗೆ ಗೊತ್ತಾಗಲಿ, ಆಮೇಲೆ ನಿಮ್ಮ ಇಷ್ಟ. ಅಲ್ಲಿ ಸೀಮೆ ಬದನೆಕಾಯಿಯನ್ನು ಚೋ ಚೋ ಅನ್ನುತ್ತಾರೆ. ಬೆಂಗಳೂರಿನ ಮಾರ್ಕೆಟ್‌ನಲ್ಲಿ ಚೌ ಚೌ ಅಂತ ಕೂಗುವುದು ಕೇಳಿದ್ದೀರಲ್ಲ, ಅದೇ ಕಾಯಿ. ಆಲೂಗಡ್ಡೆ ಜೊತೆ ಅದರ ನಾಲ್ಕು ಹೋಳು ಹಾಕಿದರೂ ಸರಿ.

ಹಿಂದಿನ ರಾತ್ರಿ: ತೊಳೆಯುವುದು, ನೆನೆಸುವುದು

ಜಮೈಕಾದ ಅಡುಗೆಮನೆಯಲ್ಲಿ ಮಾಂಸವನ್ನು ನಿಂಬೆ ಅಥವಾ ವಿನೆಗರ್ ಹಾಕಿ ತೊಳೆಯದೆ ಮುಟ್ಟುವುದಿಲ್ಲ, ನಮ್ಮಲ್ಲಿ ಅರಿಸಿನ ಉಪ್ಪು ಹಾಕಿ ತೊಳೆಯುವ ಹಾಗೆ. ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ, ಹಸಿ ಮಾಂಸದ ನೀರು ಸಿಂಕ್ ಸುತ್ತ ಎಲ್ಲ ಕಡೆ ಚಿಮ್ಮುತ್ತದೆ. ಆಳವಾದ ಪಾತ್ರೆಯಲ್ಲಿ ನೀರು, ನಿಂಬೆರಸ ಹಾಕಿ ತುಂಡುಗಳನ್ನು ಮೆಲ್ಲಗೆ ಆಡಿಸಿ, ನೀರು ಬಸಿದು, ಬಟ್ಟೆ ಅಥವಾ ಪೇಪರ್‌ನಲ್ಲಿ ಒತ್ತಿ ಒಣಗಿಸಿ. ಈ ಒಣಗಿಸುವುದನ್ನು ಬಿಡಬೇಡಿ. ತುಂಡು ಒದ್ದೆ ಇದ್ದರೆ ಮಸಾಲೆ ಹಿಡಿಯದೆ ಕೆಳಗೆ ಜಾರಿ ನಿಲ್ಲುತ್ತದೆ, ನಾಳೆ ಎಣ್ಣೆಗೆ ಹಾಕಿದಾಗ ಹುರಿಯುವ ಬದಲು ಬೇಯುತ್ತದೆ.

ಈಗ ಎರಡು ದೊಡ್ಡ ಚಮಚ ಕರಿ ಪುಡಿ, ಉಪ್ಪು, ಕಾಳುಮೆಣಸಿನ ಪುಡಿ ಹಾಕಿ ಕೈಯಲ್ಲೇ ಉಜ್ಜಿ. ಬೆಳ್ಳುಳ್ಳಿ, ಶುಂಠಿಯನ್ನು ಪೇಸ್ಟ್ ಮಾಡಬೇಡಿ, ಸಣ್ಣಗೆ ಹೆಚ್ಚಿ. ಈರುಳ್ಳಿಯನ್ನು ದಪ್ಪ ಹೋಳು ಮಾಡಿ. ಈರುಳ್ಳಿ ಸೊಪ್ಪಿನ ಬಿಳಿ ಭಾಗವನ್ನು ಚಾಕುವಿನ ಮೈಯಿಂದ ಒಂದು ಸಲ ಜಜ್ಜಿ. ಅಲ್ಲಿನವರು ಯಾವಾಗಲೂ ಹೀಗೆ ಜಜ್ಜಿಯೇ ಹಾಕುತ್ತಾರೆ, ರಸ ಬಿಡುತ್ತದೆ. ಮೂರು ಕಡ್ಡಿ ಥೈಮ್, ಆಲ್‌ಸ್ಪೈಸ್ ಕಾಳು ಸೇರಿಸಿ ಎಲ್ಲ ಕಲಸಿ ಮುಚ್ಚಿ ಫ್ರಿಜ್‌ನಲ್ಲಿಡಿ. ರಾತ್ರಿಯಿಡೀ ಇದ್ದರೆ ಒಳ್ಳೆಯದು, ಕನಿಷ್ಠ ಎರಡು ಗಂಟೆಯಾದರೂ ಬೇಕು. ಕೈ ಎರಡು ದಿನ ಹಳದಿ ಇರುತ್ತದೆ, ಬೇಡವಾದರೆ ಗ್ಲೌಸ್ ಹಾಕಿಕೊಳ್ಳಿ.

ಮೊಸರು ಹಾಕಲಾ ಅಂತ ಕೇಳುವವರಿಗೆ: ಬೇಡ.

ಕರಿ ಸುಡುವುದು

ಅಡುಗೆಗೆ ಅರ್ಧ ಗಂಟೆ ಮುಂಚೆ ಕೋಳಿ ಹೊರಗೆ ತೆಗೆಯಿರಿ. ಅಂಟಿಕೊಂಡ ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪನ್ನೆಲ್ಲ ಕೊಡವಿ ಬೇರೆ ಬಟ್ಟಲಿಗೆ ಹಾಕಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಬೆಳ್ಳುಳ್ಳಿ ಮೊದಲು ಕರಕಲಾಗುತ್ತದೆ.

ಪಾತ್ರೆ ಬಗ್ಗೆ ಒಂದು ಮಾತು. ಅಲ್ಲಿ ಇದಕ್ಕೆ ಡಚ್ ಪಾಟ್ ಅಂತ ದಪ್ಪ ಅಲ್ಯೂಮಿನಿಯಂ ಪಾತ್ರೆ ಇದೆ, ಪ್ರೀತಿಯಿಂದ ಡಚ್ಚಿ ಅನ್ನುತ್ತಾರೆ, ತಾಯಿಯಿಂದ ಮಗಳಿಗೆ ಹೋಗುವ ಪಾತ್ರೆ ಅದು. ನಮಗೆ ದಪ್ಪ ತಳದ ಬಾಣಲೆ ಅಥವಾ ಬಿರಿಯಾನಿ ಹಂಡೆ ಸಾಕು, ಮುಚ್ಚಳ ಸರಿಯಾಗಿ ಕೂರಬೇಕು. ಕುಕ್ಕರ್ ಬೇಡ. ಕುಕ್ಕರ್‌ನಲ್ಲಿ ಕೋಳಿ ಬೇಯುತ್ತದೆ, ಆದರೆ ಗ್ರೇವಿ ಗಟ್ಟಿಯಾಗುವುದೇ ಇಲ್ಲ, ಮೆಣಸಿನಕಾಯಿ ಒಡೆದು ಹೋಗುವುದಂತೂ ಖಂಡಿತ.

ಒಲೆ ಹತ್ತಿರ ಕಾಲು ಕಪ್ ನೀರು, ಕೋಳಿ ತುಂಡುಗಳ ಬಟ್ಟಲು ಎರಡನ್ನೂ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಇನ್ನು ಒಂದು ನಿಮಿಷ ಯಾವುದಕ್ಕೂ ತಿರುಗುವ ಹಾಗಿಲ್ಲ, ಫೋನ್ ಬಂದರೂ ಎತ್ತಬೇಡಿ.

ಎಣ್ಣೆ ಹಾಕಿ ಮಧ್ಯಮ ಉರಿಯಲ್ಲಿ ಕಾಯಿಸಿ. ಹೊಗೆ ಬರಬಾರದು. ಒಂದು ಚಿಟಿಕೆ ಪುಡಿ ಹಾಕಿ ನೋಡಿ, ಸುತ್ತ ಸಣ್ಣ ಗುಳ್ಳೆ ಎದ್ದರೆ ಸರಿಯಾಗಿದೆ. ಉಳಿದ ಒಂದು ದೊಡ್ಡ ಚಮಚ ಪುಡಿ ಹಾಕಿ ಮರದ ಸೌಟಿನಿಂದ ಕೆದಕುತ್ತಾ ಇರಿ. ಮೊದಲು ಅದು ಚೆಂಡುಹೂವಿನ ಹಳದಿ, ಅಂಚಿನಲ್ಲಿ ನೊರೆ, ಮೂಗಿಗೆ ಹಸಿ ಅರಿಸಿನದ ಮಣ್ಣು ವಾಸನೆ. ಇಪ್ಪತ್ತು ಸೆಕೆಂಡಿಗೆ ನೊರೆ ಇಳಿಯುತ್ತದೆ, ಪುಡಿ ಎಣ್ಣೆ ಕುಡಿದು ಒದ್ದೆ ಮರಳಿನ ಹಾಗೆ ಒಂದಕ್ಕೊಂದು ಅಂಟುತ್ತದೆ. ಇಲ್ಲಿಗೇ ನಿಲ್ಲಿಸಬೇಕು ಅಂತ ಕೈ ಹೇಳುತ್ತದೆ, ನಿಲ್ಲಿಸಬೇಡಿ. ಇನ್ನೊಂದು ಇಪ್ಪತ್ತು, ಮೂವತ್ತು ಸೆಕೆಂಡಿನಲ್ಲಿ ಹಳದಿ ಮೆಲ್ಲಗೆ ಮಬ್ಬಾಗಿ, ಉಂಡೆ ಬೆಲ್ಲದ ಬಣ್ಣದ ಕಡೆಗೆ ಹೊರಳುತ್ತದೆ. ಅದೇ ಹೊತ್ತಿಗೆ ವಾಸನೆಯೂ ಬದಲಾಗುತ್ತದೆ. ಹಸಿ ವಾಸನೆ ಹೋಗಿ, ಹುರಿದ ಕಡಲೆಬೀಜದ ಹಾಗೆ ಬೆಚ್ಚಗಿನ ಘಮ ಏಳುತ್ತದೆ. ಆಂಟಿ ನನಗೆ ಬಣ್ಣ ನೋಡಲು ಹೇಳಲಿಲ್ಲ, ಕಣ್ಣು ಮುಚ್ಚಿ ಮೂಸು ಅಂದರು. ವಾಸನೆ ತಿರುಗಿದ ಕ್ಷಣವೇ ಕೋಳಿ ಒಳಗೆ ಹೋಗಬೇಕು.

ಇದರಿಂದ ಏನಾಗುತ್ತದೆ ಅಂದರೆ, ಅರಿಸಿನದ ಬಣ್ಣವೂ ಮಸಾಲೆಗಳ ಘಮವೂ ಹೆಚ್ಚಾಗಿ ಎಣ್ಣೆಯಲ್ಲಿ ಕರಗುವಂಥವು, ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ನೀರಿಗೇ ಪುಡಿ ಹಾಕಿ ಕುದಿಸಿದರೆ ಒಂದು ಹಿಟ್ಟಿನ ರುಚಿ, ಹಸಿ ಮೆಂತ್ಯದ ಕಹಿ ಸುಲಭಕ್ಕೆ ಹೋಗುವುದಿಲ್ಲ. ನಮ್ಮ ಒಗ್ಗರಣೆಯ ಕಾರಣವೂ ಇದೇ ಅಲ್ವಾ? ಅಲ್ಲಿ ಇಡೀ ಕಾಳಿನ ಬದಲು ಪುಡಿಗೇ ಆ ಕೆಲಸ ಮಾಡಿಸುತ್ತಾರೆ, ಪುಡಿಗೆ ಸಮಯ ಕಡಿಮೆ, ಅಷ್ಟೇ ವ್ಯತ್ಯಾಸ.

ಪುಡಿ ಕಾಫಿ ಬಣ್ಣಕ್ಕೆ ಹೋಗಿ ಚುರುಕು ಹೊಗೆ ಬಂತು ಅಂದರೆ ತಪ್ಪಿತು. ದಯವಿಟ್ಟು ಎಣ್ಣೆ ಸಮೇತ ಚೆಲ್ಲಿ, ಪಾತ್ರೆ ಒರೆಸಿ ಮತ್ತೆ ಶುರು ಮಾಡಿ. ಕರಕಲಾದ ಮೆಂತ್ಯದ ಕಹಿಯನ್ನು ಬೆಲ್ಲ, ತೆಂಗಿನ ಹಾಲು ಯಾವುದೂ ಮುಚ್ಚುವುದಿಲ್ಲ. ಒಂದು ಚಮಚ ಪುಡಿ ಹೋದರೆ ಹೋಗಲಿ, ಒಂದು ಕೆಜಿ ಕೋಳಿ ಉಳಿಯುತ್ತದೆ. ಭಯ ಜಾಸ್ತಿ ಇದ್ದರೆ ಪುಡಿಯನ್ನು ಎರಡು ಚಮಚ ನೀರಿನಲ್ಲಿ ಗಟ್ಟಿ ಪೇಸ್ಟ್ ಮಾಡಿ ಎಣ್ಣೆಗೆ ಹಾಕಿ. ನೀರು ಆರುವ ತನಕ ಪುಡಿ ಸೀಯುವುದಿಲ್ಲ, ಆಮೇಲೆ ಎಣ್ಣೆ ಬಿಡುವುದು ಕಣ್ಣಿಗೇ ಕಾಣುತ್ತದೆ. ಪಕ್ಕದಲ್ಲಿಟ್ಟ ಕಾಲು ಕಪ್ ನೀರು ಇರುವುದೂ ಇದಕ್ಕೇ. ಬಣ್ಣ ತೀರ ಬೇಗ ತಿರುಗುತ್ತಿದೆ ಅನ್ನಿಸಿದರೆ ಒಂದು ಚಮಚ ನೀರು ಚಿಮುಕಿಸಿ, ಎಣ್ಣೆ ಸಿಡಿಯುತ್ತದೆ, ಸ್ವಲ್ಪ ದೂರ ನಿಲ್ಲಿ.

ಕೋಳಿ ಬೇಯಿಸುವುದು

ತುಂಡುಗಳನ್ನೆಲ್ಲ ಹಾಕಿ ಉರಿ ಸ್ವಲ್ಪ ಜಾಸ್ತಿ ಮಾಡಿ, ಪುಡಿ ಎಲ್ಲ ಕಡೆ ಮೆತ್ತುವಂತೆ ತಿರುಗಿಸಿ. ಐದಾರು ನಿಮಿಷ ಹುರಿದರೆ ಹೊರಮೈ ಬಿಗಿಯಾಗಿ ಅಲ್ಲಲ್ಲಿ ಕಂದು ಬಣ್ಣ ಬರುತ್ತದೆ. ಈಗ ಬೇರೆ ಇಟ್ಟ ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪು, ಆಲ್‌ಸ್ಪೈಸ್ ಕಾಳು ಸೇರಿಸಿ, ಉರಿ ಸಣ್ಣ ಮಾಡಿ, ಮುಚ್ಚಿ. ನೀರು ಹಾಕಬೇಡಿ. ಹತ್ತು ನಿಮಿಷ ಕೋಳಿ ತನ್ನದೇ ನೀರಿನಲ್ಲಿ ಬೇಯಲಿ. ಮುಚ್ಚಳ ತೆಗೆದರೆ ಅರ್ಧ ಕಪ್‌ನಷ್ಟು ಹಳದಿ ರಸ ನಿಂತಿರುತ್ತದೆ. ಇದೇ ಗ್ರೇವಿಯ ಬೇರು.

ಆಮೇಲೆ ಬಿಸಿ ನೀರು. ತುಂಡುಗಳು ಪೂರ್ತಿ ಮುಳುಗಬಾರದು, ಮುಕ್ಕಾಲು ಮುಳುಗಿದರೆ ಸಾಕು. ಕೋಳಿ ನೆನೆಸಿದ ಪಾತ್ರೆಗೆ ಸ್ವಲ್ಪ ನೀರು ಹಾಕಿ ಉಳಿದ ಮಸಾಲೆ ತೊಳೆದು ಅದನ್ನೂ ಈಗಲೇ ಸುರಿಯಿರಿ, ಕೊನೆಯಲ್ಲಿ ಅಲ್ಲ, ಅದು ಹಸಿ ಮಾಂಸದ ನೀರು, ಚೆನ್ನಾಗಿ ಕುದಿಯಬೇಕು. ಉಳಿದ ಥೈಮ್ ಕಡ್ಡಿ ಹಾಕಿ. ಸ್ಕಾಚ್ ಬಾನೆಟ್ ಮೇಲಿಡಿ, ತೊಟ್ಟು ಮುರಿಯದೆ, ಚುಚ್ಚದೆ. ಇನ್ನು ಮುಂದೆ ಸೌಟು ಆಡಿಸುವಾಗ ಆ ಕಾಯಿ ಎಲ್ಲಿದೆ ಅಂತ ಕಣ್ಣಿರಲಿ. ಅದು ಒಡೆದರೆ ಮಕ್ಕಳಿರಲಿ, ಆಂಧ್ರ ಊಟ ಮಾಡುವವರೂ ನೀರು ಕೇಳುತ್ತಾರೆ. ಖಾರ ಬೇಕೇ ಬೇಕು ಅನ್ನುವವರು ಕಾಯಿಯ ಕಾಲು ಭಾಗವನ್ನು, ಒಳಗಿನ ಬಿಳಿ ತಿರುಳು ತೆಗೆದು, ಹೆಚ್ಚಿ ಹಾಕಿ. ಖಾರ ಹೆಚ್ಚು ಇರುವುದು ಆ ಬಿಳಿ ಭಾಗದಲ್ಲೇ. ಹೆಚ್ಚಿದ ಕೈಗೆ ಮೊದಲು ಅಡುಗೆ ಎಣ್ಣೆ ಸವರಿ ಆಮೇಲೆ ಸೋಪು ಹಾಕಿ ತೊಳೆಯಿರಿ, ಬರೀ ನೀರಿನಲ್ಲಿ ಆ ಉರಿ ಹೋಗುವುದಿಲ್ಲ.

ಮುಚ್ಚಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಿಡಿ. ಅಷ್ಟರಲ್ಲಿ ಆಲೂಗಡ್ಡೆ ಹೆಚ್ಚಿ. ಒಂದೂವರೆ ಆಲೂಗಡ್ಡೆ ದೊಡ್ಡ ಹೋಳು, ಉಳಿದ ಅರ್ಧ ಬೆರಳ ತುದಿಯಷ್ಟು ಸಣ್ಣ ಚೂರು. ದೊಡ್ಡದು ತಿನ್ನಲು, ಸಣ್ಣದು ಕರಗಿ ಗ್ರೇವಿ ಗಟ್ಟಿ ಮಾಡಲು. ನಾವು ತೆಂಗಿನಕಾಯಿ, ಹುರಿಗಡಲೆ, ಗಸಗಸೆ ರುಬ್ಬಿ ಮಾಡುವ ಕೆಲಸವನ್ನು ಇಲ್ಲಿ ಬರೀ ಈ ಆಲೂಗಡ್ಡೆ ಮಾಡುತ್ತದೆ. ಕ್ಯಾರೆಟ್ ಜೊತೆ ಹಾಕಿ ಮತ್ತೆ ಮುಚ್ಚಿ, ಇನ್ನೊಂದು ಹದಿನೈದು ನಿಮಿಷ.

ಕೊನೆಯ ಐದರಿಂದ ಎಂಟು ನಿಮಿಷ ಮುಚ್ಚಳ ತೆಗೆದು ಉರಿ ಮಧ್ಯಮಕ್ಕೆ ತನ್ನಿ. ಗ್ರೇವಿ ಗುಳುಗುಳು ಅಂತ ದಪ್ಪ ಗುಳ್ಳೆ ಬಿಡಲು ಶುರುವಾದರೆ, ಅಂಚಿನಲ್ಲಿ ಹಳದಿ ಎಣ್ಣೆ ಕಾಣಿಸಿದರೆ ಆಯಿತು. ತೀರ ಗಟ್ಟಿ ಬೇಡ, ಅನ್ನದ ಮೇಲೆ ಹಾಕಿದರೆ ಮೆಲ್ಲಗೆ ಇಳಿದು ಕೆಳಗೆ ಸೇರುವಷ್ಟು ಇರಬೇಕು. ಮೂಳೆ ಹತ್ತಿರ ಚುಚ್ಚಿದರೆ ಬರುವ ರಸದಲ್ಲಿ ಕೆಂಪು ಇರಬಾರದು. ಥರ್ಮಾಮೀಟರ್ ಇರುವವರು 74 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಿ. ಇದು ಬ್ರಾಯ್ಲರ್ ಕೋಳಿಯ ಲೆಕ್ಕ. ನಾಟಿ ಕೋಳಿಯಾದರೆ ಆಲೂಗಡ್ಡೆ ಹಾಕುವ ಮೊದಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಬೇಕು, ನೀರೂ ಜಾಸ್ತಿ ಹಿಡಿಯುತ್ತದೆ, ಆದರೆ ರುಚಿ ಅದರದೇ.

ಉಪ್ಪು ನೋಡಿ, ಮೆಣಸಿನಕಾಯಿಯನ್ನೂ ಥೈಮ್ ಕಡ್ಡಿಗಳನ್ನೂ ಹುಷಾರಾಗಿ ಎತ್ತಿ ತೆಗೆಯಿರಿ. ಮುಚ್ಚಿ ಹದಿನೈದು ನಿಮಿಷ ಸುಮ್ಮನೆ ಬಿಡಿ. ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಬೇಡಿ. ಆ ಕೈ ತಾನಾಗಿ ಮೇಲೇಳುತ್ತದೆ, ಗೊತ್ತು. ಈರುಳ್ಳಿ ಸೊಪ್ಪಿನ ಹಸಿರು ಭಾಗ ಇದೆಯಲ್ಲ, ಅದನ್ನು ಹಾಕಿ.

ಏನಾದರೂ ಕೆಟ್ಟರೆ

ಗ್ರೇವಿ ನೀರಾಗಿದ್ದರೆ ಎರಡು ಹೋಳು ಆಲೂಗಡ್ಡೆಯನ್ನು ಪಾತ್ರೆಯ ಬದಿಗೆ ಒತ್ತಿ ಹಿಸುಕಿ ಕಲಸಿ, ಐದು ನಿಮಿಷ ಕುದಿಸಿ. ಕಾರ್ನ್‌ಫ್ಲೋರ್ ಬೇಡ, ಹೋಟೆಲಿನ ಗೋಬಿ ಗ್ರೇವಿ ಥರ ಜಿಗುಟಾಗುತ್ತದೆ. ಸ್ವಲ್ಪ ಕಹಿ ಇದ್ದರೆ ಪುಡಿ ಹಸಿಯಾಗಿ ಉಳಿದಿದೆಯೋ ಅಥವಾ ಸೀದಿದೆಯೋ ಅಂತ ಮೊದಲು ನೋಡಬೇಕು. ಹಸಿ ಕಹಿ ಇನ್ನೊಂದು ಹತ್ತು ನಿಮಿಷ ಕುದಿಸಿದರೆ ಬಹಳ ಮಟ್ಟಿಗೆ ಇಳಿಯುತ್ತದೆ, ಸೀದ ಕಹಿ ಇಳಿಯುವುದಿಲ್ಲ. ಮೆಣಸಿನಕಾಯಿ ಒಡೆದೇ ಹೋದರೆ ಗಾಬರಿ ಬೇಡ, ತಕ್ಷಣ ಅದನ್ನೂ ಬೀಜಗಳನ್ನೂ ಎತ್ತಿ, ಅರ್ಧ ಕಪ್ ಗಟ್ಟಿ ತೆಂಗಿನ ಹಾಲು ಸೇರಿಸಿ. ಬೇರೆ ಥರದ ಕರಿಯಾಗುತ್ತದೆ, ಆದರೆ ಅಲ್ಲೂ ಹಾಗೆ ಮಾಡುವವರು ಇದ್ದಾರೆ.

ಜೊತೆಗೆ ಏನು

ಭಾನುವಾರದ ಊಟಕ್ಕೆ ಅಲ್ಲಿ ರೈಸ್ ಆಂಡ್ ಪೀಸ್ ಮಾಡುತ್ತಾರೆ. ಹೆಸರಿನಲ್ಲಿ ಬಟಾಣಿ ಇದ್ದರೂ ಒಳಗಿರುವುದು ರಾಜ್ಮಾ. ಮುಕ್ಕಾಲು ಕಪ್ ರಾಜ್ಮಾ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೊದಲ ಹತ್ತು ನಿಮಿಷ ಚೆನ್ನಾಗಿ ಕುದಿಸಿ ಆಮೇಲೆ ಮೆತ್ತಗೆ ಬೇಯಿಸಿ. ಅರ್ಧಂಬರ್ಧ ಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ, ಇದರಲ್ಲಿ ಅವಸರ ಬೇಡ. ಬೇಯಿಸಿದ ಕೆಂಪು ನೀರು ಚೆಲ್ಲಬೇಡಿ, ಅನ್ನಕ್ಕೆ ಬಣ್ಣ ಬರುವುದೇ ಅದರಿಂದ. ಒಂದು ಕಪ್ ತೆಂಗಿನ ಹಾಲು ಮತ್ತು ಆ ನೀರು ಸೇರಿ ನಾಲ್ಕು ಕಪ್ ಆಗಬೇಕು, ಕಡಿಮೆ ಬಿದ್ದರೆ ನೀರು ಸೇರಿಸಿ. ಜಜ್ಜಿದ ಈರುಳ್ಳಿ ಸೊಪ್ಪು, ಎರಡು ಕಡ್ಡಿ ಥೈಮ್, ಬೆಳ್ಳುಳ್ಳಿ, ನಾಲ್ಕು ಆಲ್‌ಸ್ಪೈಸ್ ಕಾಳು, ಉಪ್ಪು, ಇಡೀ ಮೆಣಸಿನಕಾಯಿ ಹಾಕಿ ಕುದಿ ಬಂದಾಗ ತೊಳೆದ ಎರಡು ಕಪ್ ಅಕ್ಕಿ ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿ ಉದುರುದುರಾಗಿ ಮಾಡಿ. ಸೋನಾ ಮಸೂರಿಗೆ ಈ ಅಳತೆ ಸರಿ, ಬಾಸ್ಮತಿಗೆ ಅರ್ಧ ಕಪ್ ನೀರು ಕಡಿಮೆ. ಕ್ರಿಸ್‌ಮಸ್ ಹೊತ್ತಿಗೆ ರಾಜ್ಮಾ ಬದಲು ಗಂಗೋ ಪೀಸ್ ಬರುತ್ತದೆ. ಅದು ಬೇರೇನೂ ಅಲ್ಲ, ತೊಗರಿ. ನಮ್ಮಲ್ಲಿ ಹಸಿ ತೊಗರಿಕಾಯಿ ಬರುವ ಕಾಲಕ್ಕೆ ಒಂದು ಸಲ ಮಾಡಿ ನೋಡಿ.

ಕರಾವಳಿಯವರಿಗೆ ಇನ್ನೊಂದು ಭಾಗ್ಯ ಇದೆ: ಜೀಗುಜ್ಜೆ, ಇಂಗ್ಲಿಷಿನ ಬ್ರೆಡ್‌ಫ್ರೂಟ್. ಅದನ್ನು ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ 1793ರಲ್ಲಿ ಹಡಗಿನಲ್ಲಿ ಜಮೈಕಾಕ್ಕೆ ತಂದ, ತೋಟದ ಗುಲಾಮರಿಗೆ ಅಗ್ಗದ ಊಟ ಆಗಲಿ ಅಂತ. ಇವತ್ತು ಅಲ್ಲಿ ಇಡೀ ಕಾಯಿಯನ್ನು ಕೆಂಡದ ಮೇಲೆ ಸುಟ್ಟು, ಸಿಪ್ಪೆ ತೆಗೆದು, ಹೋಳು ಮಾಡಿ ತಿನ್ನುತ್ತಾರೆ. ಸುಟ್ಟ ಜೀಗುಜ್ಜೆಯನ್ನು ಈ ಗ್ರೇವಿಯಲ್ಲಿ ಅದ್ದಿ ತಿಂದರೆ ಅನ್ನ ನೆನಪಿಗೆ ಬರುವುದಿಲ್ಲ. ಪಕ್ಕಕ್ಕೆ ಸೊಪ್ಪು ಬೇಕು ಅಂದರೆ ಅಲ್ಲಿನ ಕ್ಯಾಲಲೂ ಮಾಡಿ, ಅದು ನಮ್ಮ ಹರಿವೆ ಸೊಪ್ಪಿನ ಜಾತಿಯೇ. ಈರುಳ್ಳಿ, ಬೆಳ್ಳುಳ್ಳಿ, ಥೈಮ್ ಜೊತೆ ಐದು ನಿಮಿಷ ಬಾಡಿಸಿದರೆ ಮುಗಿಯಿತು. ಅವಸರದ ದಿನಕ್ಕೆ ಬಿಳಿ ಅನ್ನ, ಚಪಾತಿ ಯಾವುದಾದರೂ ಆಗುತ್ತದೆ, ಜಮೈಕಾದವರೂ ಕರಿ ಜೊತೆ ರೊಟ್ಟಿ ತಿನ್ನುತ್ತಾರೆ.

ಉಳಿದರೆ ಆರಿದ ಕೂಡಲೇ ಫ್ರಿಜ್‌ನಲ್ಲಿಡಿ, ಮೂರು ದಿನ ಚೆನ್ನಾಗಿರುತ್ತದೆ. ಫ್ರೀಜರ್‌ಗೆ ಹಾಕುವುದಾದರೆ ಆಲೂಗಡ್ಡೆ ಹೋಳು ಆರಿಸಿ ತೆಗೆಯಿರಿ, ಕರಗಿದ ಮೇಲೆ ಅದು ಸ್ಪಂಜಿನ ಹಾಗಾಗುತ್ತದೆ. ಮಾರನೇ ದಿನ ಬಿಸಿ ಮಾಡುವಾಗ ಎರಡು ಚಮಚ ನೀರು, ಒಂದು ಕಡ್ಡಿ ಹೊಸ ಥೈಮ್ ಹಾಕಿ ಮುಚ್ಚಿ ಕುದಿಸಿ. ಆಂಟಿ ಭಾನುವಾರದ ಕರಿಯನ್ನು ಶನಿವಾರ ರಾತ್ರಿಯೇ ಮಾಡಿಡುತ್ತಿದ್ದದ್ದು ಯಾಕೆ ಅಂತ ನನಗೆ ಗೊತ್ತಾದದ್ದು ಆ ಎರಡನೇ ದಿನದ ಮೊದಲ ತುತ್ತಿನಲ್ಲಿ.